ಆರ್‌ವೈಲರ್: ಒಂದು ದಂಡೆಯಲ್ಲಿ ದ್ರಾಕ್ಷಿ, ಇನ್ನೊಂದು ದಂಡೆಯಲ್ಲಿ ಕಾಡು

ಪ್ರಶ್ನೆ: ನಾವು ಮಡಿಕೇರಿ ಕಡೆಯವರು. ಮಗಳು ಜರ್ಮನಿಯ ಬಾನ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಗೆ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಆರ್‌ವೈಲರ್ ಅನ್ನೋ ಜಿಲ್ಲೆಗೆ ಕರೆದುಕೊಂಡು ಹೋಗುತ್ತೇನೆ, ನಮ್ಮ ಕೊಡಗಿನ ಹಾಗೇ ಇದೆ ಅಂತಾಳೆ. 2021ರಲ್ಲಿ ದೊಡ್ಡ ಪ್ರವಾಹ ಬಂದದ್ದು ಅಲ್ಲೇ ಅಲ್ವಾ? ಅದು ಎಂಥ ಜಿಲ್ಲೆ? ಮನೆಯಲ್ಲಿ ನಾನೂ ವೈನ್ ಮಾಡುತ್ತೇನೆ, ಅಲ್ಲಿಯದು ಹೇಗೆ ಬೇರೆ? ವೈನ್ ಬಿಟ್ಟರೆ ನೋಡಲು ಏನಿದೆ? ಬರುವಾಗ ನೆಂಟರಿಗೆ ಏನು ತರಬಹುದು?

ಉತ್ತರ: ಹೌದು, ಅಲ್ಲೇ. ಪ್ರವಾಹದ ವಿಷಯಕ್ಕೆ ಬರುತ್ತೇನೆ. ಆದರೆ ಮೊದಲು ಜಿಲ್ಲೆಯ ಪರಿಚಯ ಆಗಲಿ. ಇಲ್ಲದಿದ್ದರೆ ಆ ಪ್ರವಾಹ ಯಾಕೆ ಅಷ್ಟು ಭೀಕರವಾಯಿತು ಅನ್ನೋದು ಅರ್ಥವಾಗುವುದಿಲ್ಲ.

ನದಿಯ ಹೆಸರು ಆರ್. ‘ಆ’ವನ್ನು ಸ್ವಲ್ಪ ಎಳೆದು ಹೇಳಬೇಕು. ನಮ್ಮ ಪಕ್ಕದ ತಮಿಳಿನಲ್ಲಿ ‘ಆರು’ ಅಂದರೆ ಹೊಳೆಯೇ. ಇದು ಸುಮ್ನೆ ಕಾಕತಾಳೀಯ, ಸಂಬಂಧ ಹುಡುಕಲು ಹೋಗಬೇಡಿ. ನದಿ ಹುಟ್ಟುವುದು ಪಕ್ಕದ ರಾಜ್ಯದ ಬ್ಲಾಂಕನ್‌ಹೈಮ್ ಎಂಬ ಊರಲ್ಲಿ, ಒಂದು ಹಳೇ ಮನೆಯ ನೆಲಮಾಳಿಗೆಯಲ್ಲಿ. ತಮಾಷೆಯಲ್ಲ, ನಿಜವಾಗಿಯೂ ಮನೆಯ ಅಡಿಯಲ್ಲೇ ಬುಗ್ಗೆ ಇದೆ. ಅಲ್ಲಿಂದ ಐಫೆಲ್ ಗುಡ್ಡಗಳ ನಡುವೆ ಸುತ್ತಿ ಬಳಸಿ, 85 ಕಿಲೋಮೀಟರ್ ಚಿಲ್ಲರೆ ಹರಿದು, ಸಿನ್‌ಟ್ಸಿಗ್ ಪಟ್ಟಣದ ಹತ್ತಿರ ರೈನ್ ನದಿಗೆ ಸೇರುತ್ತದೆ. ಕಾವೇರಿಯ ಮುಂದೆ ಇದೊಂದು ತೊರೆ. ಬೇಸಿಗೆಯಲ್ಲಿ ಪ್ಯಾಂಟ್ ಮಡಚಿಕೊಂಡು ದಾಟಬಹುದು.

ಜಿಲ್ಲೆ ಇರುವುದು ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯದ ಉತ್ತರ ಭಾಗದಲ್ಲಿ. ವಿಸ್ತೀರ್ಣ ಸುಮಾರು 787 ಚದರ ಕಿಲೋಮೀಟರ್, ಜನ ಸುಮಾರು 1.3 ಲಕ್ಷ. ಕೊಡಗು ಇದರ ಐದು ಪಟ್ಟು ದೊಡ್ಡದು. ಆದರೆ ಚದರ ಕಿಲೋಮೀಟರಿಗೆ ಎಷ್ಟು ಜನ ಅಂತ ಲೆಕ್ಕ ಹಾಕಿದರೆ ಎರಡೂ ಹತ್ತಿರ ಹತ್ತಿರ: ಅಲ್ಲಿ 165ರ ಆಸುಪಾಸು, ನಿಮ್ಮಲ್ಲಿ 2011ರ ಜನಗಣತಿಯ ಪ್ರಕಾರ 135. ಗುಡ್ಡ, ಕಾಡು, ನಡುವೆ ಚಿಕ್ಕ ಚಿಕ್ಕ ಊರು, ಶನಿವಾರ ಭಾನುವಾರ ದೊಡ್ಡ ನಗರದಿಂದ ಕಾರುಗಳ ಸಾಲು. ನಿಮಗೆ ಬೆಂಗಳೂರಿನವರು ಬರುವ ಹಾಗೆ ಅಲ್ಲಿಗೆ ಕಲೋನ್, ಬಾನ್, ಡ್ಯೂಸೆಲ್‌ಡೋರ್ಫ್‌ನವರು ಬರುತ್ತಾರೆ. ಅಷ್ಟರ ಮಟ್ಟಿಗೆ ನಿಮ್ಮ ಮಗಳು ಹೇಳಿದ್ದು ಸರಿ.

ಆಡಳಿತ ಮಾತ್ರ ನಮ್ಮ ಥರ ಅಲ್ಲ. ಜರ್ಮನ್‌ನಲ್ಲಿ ಇಂಥ ಗ್ರಾಮೀಣ ಜಿಲ್ಲೆಗೆ ‘ಲಾಂಡ್‌ಕ್ರೈಸ್’ ಅನ್ನುತ್ತಾರೆ. ಅದರ ಮುಖ್ಯಸ್ಥ ‘ಲಾಂಡ್‌ರಾಟ್’. ನಮ್ಮಲ್ಲಿ ಡಿಸಿಯನ್ನು ಸರ್ಕಾರ ಕಳಿಸುತ್ತದೆ, ಇವತ್ತು ಬಂದವರು ಎರಡು ವರ್ಷಕ್ಕೆ ವರ್ಗವಾಗುತ್ತಾರೆ. ಅಲ್ಲಿ ಲಾಂಡ್‌ರಾಟ್‌ರನ್ನು ಜನ ನೇರವಾಗಿ ವೋಟು ಹಾಕಿ ಆರಿಸುತ್ತಾರೆ. ಈ ರಾಜ್ಯದಲ್ಲಿ ಅವಧಿ 8 ವರ್ಷ. ಜೊತೆಗೆ ಚುನಾಯಿತ ಜಿಲ್ಲಾ ಸಭೆ ಇರುತ್ತದೆ. ನಮ್ಮ ಡಿಸಿ ಕಚೇರಿ ಮತ್ತು ಜಿಲ್ಲಾ ಪಂಚಾಯಿತಿ ಎರಡನ್ನೂ ಒಂದೇ ಸೂರಿನಡಿ ಕೂಡಿಸಿ ಅದರ ತಲೆಗೆ ಗೆದ್ದ ಮನುಷ್ಯನನ್ನು ಕೂರಿಸಿದ ಹಾಗೆ. ಶಾಲಾ ಕಟ್ಟಡ, ಶಾಲಾ ಬಸ್ಸು, ಕಸ, ವಾಹನ ನೋಂದಣಿ, ಮಕ್ಕಳ ರಕ್ಷಣೆ, ವಿದೇಶಿಯರ ವೀಸಾ ಕಾಗದ ಎಲ್ಲ ಅವರದ್ದೇ. ದೊಡ್ಡ ವಿಪತ್ತು ಬಂದರೆ ನಿಭಾಯಿಸುವ ಹೊಣೆಯೂ ಜಿಲ್ಲೆಯದ್ದೇ. ಈ ಕೊನೆಯ ಮಾತನ್ನು ನೆನಪಲ್ಲಿಡಿ.

ಅಲ್ಲಿ ‘ಎಡಬ್ಲ್ಯೂ’ ಅಂತ ಶುರುವಾಗುವ ನಂಬರ್ ಪ್ಲೇಟ್ ಕಂಡರೆ ಅದು ಈ ಜಿಲ್ಲೆಯ ಗಾಡಿ. ನಮ್ಮ ಕೆಎ 12 ಇದ್ದಂತೆ.

ಇನ್ನು ಮುಖ್ಯ ವಿಷಯ, ಕಣಿವೆ. ಬಾನ್‌ನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ನಾನು ಇಲ್ಲಿ ತುಂಬ ಸಲ ನಡೆದಿದ್ದೇನೆ. ಮೊದಲ ಸಲ ರೈಲಿನ ಕಿಟಕಿಯಿಂದ ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಒಂದು ದಂಡೆಯ ಗುಡ್ಡದ ತುಂಬ ದ್ರಾಕ್ಷಿ, ಇನ್ನೊಂದು ದಂಡೆಯ ಗುಡ್ಡದ ತುಂಬ ಕಾಡು. ಯಾರೋ ಗೆರೆ ಎಳೆದು ಪಾಲು ಮಾಡಿದಂತೆ. ಕಾರಣ ಬಿಸಿಲು. ನದಿ ಇಲ್ಲಿ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಹಾಗಾಗಿ ಉತ್ತರ ದಂಡೆಯ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ. ಅಷ್ಟು ಉತ್ತರದ ನಾಡಿನಲ್ಲಿ ಸೂರ್ಯ ಯಾವಾಗಲೂ ದಕ್ಷಿಣದಲ್ಲೇ ಓರೆಯಾಗಿ ಇರುತ್ತಾನೆ. ನೆಲ ಸಮತಟ್ಟಾಗಿದ್ದರೆ ಬಿಸಿಲು ಜಾರಿ ಹೋಗುತ್ತದೆ. ಇಳಿಜಾರು ಕಡಿದಾಗಿದ್ದರೆ ನೇರ ಬಂದು ಬೀಳುತ್ತದೆ.

ಕಲ್ಲು ಇನ್ನೊಂದು ಕಾರಣ. ಇಲ್ಲಿಯ ಗುಡ್ಡ ಬಹುಪಾಲು ಸ್ಲೇಟ್ ಕಲ್ಲು. ನಾವು ಚಿಕ್ಕಂದಿನಲ್ಲಿ ಬಳಪದಿಂದ ಬರೆಯುತ್ತಿದ್ದೆವಲ್ಲ, ಅದೇ ಕಪ್ಪು ಸ್ಲೇಟು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಸಂಜೆ ಏಳರ ಮೇಲೆ ಆ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತರೆ ಒಲೆಯ ಪಕ್ಕ ಕೂತಂತೆ ಇರುತ್ತದೆ. ಆ ಕಾವಿನಿಂದಾಗಿಯೇ ಇಷ್ಟು ಉತ್ತರದಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುತ್ತದೆ. ಜರ್ಮನಿ ಅಂದರೆ ಬಿಳಿ ವೈನ್ ಅನ್ನೋದು ಲೋಕದ ಲೆಕ್ಕ. ಆದರೆ ಈ ಪುಟ್ಟ ಕಣಿವೆಯಲ್ಲಿ ಇರುವ 550 ಹೆಕ್ಟೇರ್ ಆಸುಪಾಸಿನ ತೋಟಗಳಲ್ಲಿ ಹತ್ತಕ್ಕೆ ಎಂಟು ಪಾಲು ಕೆಂಪು. ರಾಜ ಜಾತಿ ಶ್ಪೇಟ್‌ಬುರ್ಗುಂಡರ್, ಅಂದರೆ ತಡವಾಗಿ ಮಾಗುವ ಬರ್ಗಂಡಿ ದ್ರಾಕ್ಷಿ. ಫ್ರೆಂಚರು ಇದನ್ನೇ ಪಿನೋ ನ್ವಾರ್ ಅನ್ನುತ್ತಾರೆ. ಇದಕ್ಕಿಂತ ಕೆಲವು ವಾರ ಮೊದಲೇ ಮಾಗುವ ತಮ್ಮ ಒಂದಿದ್ದಾನೆ, ಫ್ರ್ಯೂಬುರ್ಗುಂಡರ್. ಬೇರೆ ಕಡೆ ಅಪರೂಪ, ಇಲ್ಲಿ ಕೇಳಿದರೆ ಸಿಗುತ್ತದೆ.

ಈ ತೋಟಗಳು ನಿಮ್ಮ ಕಾಫಿ ತೋಟದ ಹಾಗೆ ನೆರಳಲ್ಲಿ ಓಡಾಡುವಂಥವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಕಟ್ಟೆ, ಗಾರೆ ಇಲ್ಲದೆ ಕಲ್ಲ ಮೇಲೆ ಕಲ್ಲು ಜೋಡಿಸಿದ್ದು. ಎಷ್ಟೋ ಕಡೆ ಟ್ರ್ಯಾಕ್ಟರ್ ಹೋಗದು. ಒಂಟಿ ಹಳಿಯ ಮೇಲೆ ಹತ್ತುವ ಚಿಕ್ಕ ಯಂತ್ರದಲ್ಲಿ ಹಣ್ಣಿನ ಬುಟ್ಟಿ ಸಾಗಿಸುತ್ತಾರೆ. ಉಳಿದದ್ದೆಲ್ಲ ಕೈ ಮತ್ತು ಕಾಲು. ಅಲ್ಲಿಯ ಬಾಟಲಿಯ ಬೆಲೆ ನೋಡಿ ಜಾಸ್ತಿ ಅನ್ನಿಸಿದರೆ ಒಂದು ಸಲ ಆ ಮೆಟ್ಟಿಲು ಹತ್ತಿ ನೋಡಿ.

ಬಡತನ ಇಲ್ಲಿಗೆ ಹೊಸದೇನಲ್ಲ. 19ನೇ ಶತಮಾನದಲ್ಲಿ ಕೆಟ್ಟ ಫಸಲು, ಕೈಗೆ ಹತ್ತದ ಬೆಲೆ. ಎಷ್ಟೋ ಕುಟುಂಬಗಳು ಅಮೆರಿಕದ ಹಡಗು ಹತ್ತಿದವು. ಉಳಿದವರಲ್ಲಿ ಮೈಶೋಸ್ ಎಂಬ ಹಳ್ಳಿಯ 18 ಜನ ದ್ರಾಕ್ಷಿ ಬೆಳೆಗಾರರು 1868ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರೇ ಹೋಗಿ ವ್ಯಾಪಾರಿಯ ಮುಂದೆ ನಿಲ್ಲುವ ಬದಲು ಎಲ್ಲರೂ ಸೇರಿ ಹಿಂಡಿ, ಸೇರಿ ಮಾರುವುದು. ಇಂದಿಗೂ ನಡೆಯುತ್ತಿರುವ ವೈನ್ ಸಹಕಾರ ಸಂಘಗಳಲ್ಲಿ ಜಗತ್ತಿನಲ್ಲೇ ಇದು ಅತಿ ಹಳೆಯದು ಅಂತ ಹೆಸರು. ಸಂಘದ ಬೆಲೆ ಏನು ಅಂತ ಕೊಡಗಿನ ಜೇನು, ಕಾಫಿ, ಕಿತ್ತಳೆ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಮನೆ ವೈನ್‌ಗೂ ಅಲ್ಲಿಯದಕ್ಕೂ ವ್ಯತ್ಯಾಸ ಕೇಳಿದ್ದೀರಿ. ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ನೆಲ್ಲಿ, ಪ್ಯಾಶನ್ ಫ್ರೂಟ್, ಕೊನೆಗೆ ವೀಳ್ಯದೆಲೆಯಿಂದಲೂ ವೈನ್ ಮಾಡುತ್ತೀರಿ. ಸಕ್ಕರೆ ಕೈಬಿಚ್ಚಿ ಹಾಕುತ್ತೀರಿ, ಈಸ್ಟ್ ಹಾಕುತ್ತೀರಿ, ಕೊನೆಗೂ ಸಿಹಿ ಉಳಿಯುತ್ತದೆ. ಆರ್ ಕಣಿವೆಯ ಒಳ್ಳೆ ವೈನ್‌ನಲ್ಲಿ ಸಿಹಿ ಇರುವುದಿಲ್ಲ. ಹಣ್ಣಿನ ಸಕ್ಕರೆಯೆಲ್ಲ ಮದ್ಯವಾಗಿ ಹೋಗಿರುತ್ತದೆ. ಹಣ್ಣು ಸರಿಯಾಗಿ ಮಾಗದ ವರ್ಷ ಹುದುಗುವ ಮೊದಲು ರಸಕ್ಕೆ ಸ್ವಲ್ಪ ಸಕ್ಕರೆ ಸೇರಿಸಲು ಜರ್ಮನ್ ಕಾನೂನು ಕೆಲವು ದರ್ಜೆಗೆ ಬಿಡುತ್ತದೆ, ‘ಪ್ರೆಡಿಕಾಟ್’ ಅಂತ ಬರೆದ ಮೇಲಿನ ದರ್ಜೆಗೆ ಬಿಡುವುದಿಲ್ಲ. ಮೊದಲ ಗುಟುಕು ನಿಮಗೆ ಹುಳಿಯೂ ಒಗರೂ ಅನ್ನಿಸಬಹುದು. ಎರಡನೆಯದಕ್ಕೆ ಕಾಯಿರಿ.

ಅಲ್ಲಿಯೂ ಸಿಹಿಯ ಕಾಲ ಒಂದಿತ್ತು. 1970ರ ದಶಕದಲ್ಲಿ ಬಸ್ಸು ತುಂಬಿಕೊಂಡು ಬರುತ್ತಿದ್ದ ನಗರದವರಿಗೆ ತೆಳು, ಸಿಹಿ ಕೆಂಪು ವೈನ್ ಕುಡಿಸಿ ಕಳಿಸುತ್ತಿದ್ದರು. ಹಾಡು, ಕುಣಿತ, ಮರುದಿನ ತಲೆನೋವು. 1980ರ ದಶಕದಲ್ಲಿ ಕೆಲವು ಬೆಳೆಗಾರರು ಹಠ ಹಿಡಿದು ದಾರಿ ಬದಲಿಸಿದರು. ಇಳುವರಿ ಕಡಿಮೆ ಮಾಡಿದರು, ಓಕ್ ಮರದ ಪೀಪಾಯಿ ತಂದರು. ಅವರಲ್ಲಿ ಒಬ್ಬರು, ಡೆರ್ನಾವ್ ಊರಿನ ವೆರ್ನರ್ ನೇಕಲ್, ಅದಕ್ಕೆ ಮೊದಲು ಶಾಲಾ ಮೇಷ್ಟ್ರು. ಈಗ ಈ ಕಣಿವೆಯ ಶ್ಪೇಟ್‌ಬುರ್ಗುಂಡರ್ ಅನ್ನು ಫ್ರಾನ್ಸಿನ ಬರ್ಗಂಡಿ ವೈನ್ ಪಕ್ಕ ಇಟ್ಟು ರುಚಿ ನೋಡುತ್ತಾರೆ.

ಈಗ ಪ್ರವಾಹಕ್ಕೆ ಬರೋಣ. ಇಷ್ಟು ಹೊತ್ತು ನಾನು ಹೊಗಳಿದ ಆ ಕಡಿದಾದ ಇಳಿಜಾರು, ಆ ಸ್ಲೇಟ್ ಕಲ್ಲು, ಆ ಇಕ್ಕಟ್ಟಾದ ಕಣಿವೆ ಇವೆಯಲ್ಲ, ಪ್ರವಾಹಕ್ಕೂ ಅವೇ ಕಾರಣ. ಸ್ಲೇಟಿನ ಮೇಲೆ ಮಣ್ಣು ತೆಳು. ನೀರು ಇಂಗುವುದು ಕಡಿಮೆ. ಗುಡ್ಡ ಕಡಿದಾಗಿದ್ದರೆ ನೀರು ಓಡುವುದು ಬೇಗ. ಕಣಿವೆ ಇಕ್ಕಟ್ಟಾಗಿದ್ದರೆ ಹರಡಿಕೊಳ್ಳಲು ಜಾಗವಿಲ್ಲ, ಮೇಲಕ್ಕೇ ಏರಬೇಕು.

2021ರ ಜುಲೈ 14ರಂದು ಐಫೆಲ್ ಮೇಲೆ ಒಂದೇ ದಿನದಲ್ಲಿ ಹಲವೆಡೆ 100ರಿಂದ 150 ಮಿಲಿಮೀಟರ್ ಮಳೆ ಬಿತ್ತು. ನೀವು ನಗಬಹುದು. ಮಡಿಕೇರಿಯಲ್ಲಿ ಜುಲೈ ತಿಂಗಳ ಒಂದು ದಿನಕ್ಕೆ ಅಷ್ಟು ಮಳೆ ಸುದ್ದಿಯೇ ಅಲ್ಲ. ಆದರೆ ಅಲ್ಲಿ ಎರಡು ತಿಂಗಳಿಗೆ ಆಗುವಷ್ಟು ಮಳೆ ಅದು. ನಿಮ್ಮ ಹೊಳೆಗಳು ವರ್ಷವರ್ಷವೂ ಅಂಥ ನೀರಿಗೆ ಪಾತ್ರ ಅಗೆದುಕೊಂಡಿವೆ, ಮನೆಗಳೂ ಅದಕ್ಕೆ ತಕ್ಕಂತೆ ಎತ್ತರದಲ್ಲಿವೆ. ಅಲ್ಲಿ ಊರು ಕಟ್ಟಿರುವುದೇ ನೀರಿನ ಅಂಚಿಗೆ. ಬೇರೆ ಸಮತಟ್ಟು ಜಾಗ ಇಲ್ಲ. ಗುಡ್ಡದ ಬಿಸಿಲಿನ ಮಗ್ಗುಲು ದ್ರಾಕ್ಷಿಗೆ ಬೇಕು. ಹಿಂದಿನ ವಾರಗಳ ಮಳೆಗೆ ನೆಲ ಮೊದಲೇ ನೆನೆದಿತ್ತು. ಸಣ್ಣ ಸಣ್ಣ ಹಳ್ಳಗಳೆಲ್ಲ ಒಟ್ಟಿಗೆ ಬಂದು ಆರ್‌ಗೆ ಸುರಿದವು.

ಆಲ್ಟೆನಾರ್‌ನಲ್ಲಿ ನದಿಯ ಮಟ್ಟ ಅಳೆಯುವ ಕಂಬ ಇದೆ. ಅದರಲ್ಲಿ ಅಲ್ಲಿಯವರೆಗಿನ ದಾಖಲೆ 2016ರ 3.71 ಮೀಟರ್. ಆ ಸಂಜೆ ನೀರು ಐದು ಮೀಟರ್ ದಾಟಿದ ಮೇಲೆ ಮಾಪಕವೇ ಕೊಚ್ಚಿಹೋಯಿತು. ಗೋಡೆಗಳ ಮೇಲಿನ ಗುರುತು ನೋಡಿ ಆಮೇಲೆ ಅಂದಾಜು ಮಾಡಿದ್ದು ಸುಮಾರು 10 ಮೀಟರ್. ಬುಡಸಮೇತ ಕಿತ್ತು ಬಂದ ಮರ, ಕಾರು, ಕ್ಯಾಂಪಿಂಗ್ ಗಾಡಿಗಳು ಸೇತುವೆಗಳ ಕಣ್ಣಿಗೆ ಸಿಕ್ಕಿಕೊಂಡವು. ಸೇತುವೆ ಅಣೆಕಟ್ಟಾಯಿತು. ಆಮೇಲೆ ಒಡೆಯಿತು. ಕೆಳಗಿನ ಊರಿಗೆ ನೀರು ಗೋಡೆಯಂತೆ ನುಗ್ಗಿತು. 60ಕ್ಕೂ ಹೆಚ್ಚು ಸೇತುವೆಗಳು ಹೋದವು. ರೆಖ್ ಎಂಬ ಹಳ್ಳಿಯಲ್ಲಿ 18ನೇ ಶತಮಾನದ ಕಲ್ಲಿನ ಕಮಾನು ಸೇತುವೆ ಒಂದಿತ್ತು. ಹಿಂದಿನ ಎಲ್ಲ ದೊಡ್ಡ ಪ್ರವಾಹಗಳನ್ನೂ ತಡೆದುಕೊಂಡಿತ್ತು. ಅದೂ ಒಡೆಯಿತು. ಈ ಕಣಿವೆಯೊಂದರಲ್ಲೇ ಸತ್ತವರು 135 ಜನ. ಸಿನ್‌ಟ್ಸಿಗ್‌ನಲ್ಲಿ ಅಂಗವಿಕಲರ ಆಶ್ರಯಧಾಮವೊಂದರ ನೆಲಮಹಡಿಯಲ್ಲಿ ಮಲಗಿದ್ದ 12 ಜನ ನೀರಿಗೆ ಸಿಕ್ಕರು. ಆ ಊರು ರೈನ್ ಹತ್ತಿರ ಇರುವ ಕೊನೆಯ ಊರು. ಮೇಲಿನ ಊರು ಮುಳುಗಿ ಗಂಟೆಗಳಾದ ಮೇಲೆ ಅಲ್ಲಿಗೆ ನೀರು ಬಂದದ್ದು. ಅದಕ್ಕೇ ಆ ಸಾವು ಅಲ್ಲಿಯವರನ್ನು ಇವತ್ತಿಗೂ ಸುಡುತ್ತದೆ.

ಜಿಲ್ಲೆಯ ಹೊಣೆ ಅಂತ ಹೇಳಿದ್ದೆನಲ್ಲ. ಜಿಲ್ಲಾಡಳಿತ ವಿಪತ್ತು ಘೋಷಿಸಿ ದಂಡೆಯ ಜನರನ್ನು ಹೊರಡಿಸಲು ಹೇಳಿದ್ದು ರಾತ್ರಿ 11 ದಾಟಿದ ಮೇಲೆ. ಅದೂ ನದಿಯ ಎರಡೂ ಕಡೆ 50 ಮೀಟರ್ ಒಳಗಿನವರಿಗೆ ಮಾತ್ರ. ಅಷ್ಟು ಹೊತ್ತಿಗೆ ಮೇಲಿನ ಊರುಗಳಲ್ಲಿ ಜನ ಸೂರಿನ ಮೇಲೆ ಕೂತಿದ್ದರು. ತನಿಖೆ ನಡೆಯಿತು. 2024ರ ಏಪ್ರಿಲ್‌ನಲ್ಲಿ ಸರ್ಕಾರಿ ವಕೀಲರು ಮೊಕದ್ದಮೆ ಹೂಡುವುದಿಲ್ಲ ಅಂತ ಕಡತ ಮುಚ್ಚಿದರು. ಸತ್ತವರ ಮನೆಯವರು ಇದನ್ನು ಒಪ್ಪಿಲ್ಲ. ಆಗಿನ ಲಾಂಡ್‌ರಾಟ್ ಹುದ್ದೆ ಬಿಟ್ಟರು. 2022ರ ಆರಂಭದ ಚುನಾವಣೆಯಲ್ಲಿ ಗೆದ್ದವರು ಕೊರ್ನೇಲಿಯಾ ವೈಗಂಡ್. ಪ್ರವಾಹದ ದಿನ ಅವರು ಆಲ್ಟೆನಾರ್ ಭಾಗದ ಮೇಯರ್. ದೇಶದ ಮಟ್ಟದಲ್ಲೂ ಒಂದು ಬದಲಾವಣೆ ಬಂತು: 2023ರಿಂದ ಜರ್ಮನಿಯಲ್ಲಿ ಮೊಬೈಲ್ ಟವರ್ ಮೂಲಕ ಎಲ್ಲ ಫೋನಿಗೂ ಎಚ್ಚರಿಕೆ ಕಳಿಸುವ ವ್ಯವಸ್ಥೆ ಇದೆ. ನೀವಿರುವಾಗ ಫೋನು ಇದ್ದಕ್ಕಿದ್ದಂತೆ ಕಿರುಚಿದರೆ ಗಾಬರಿಯಾಗಬೇಡಿ, ಓದಿ ನೋಡಿ.

ಇದೆಲ್ಲ ಊಹಿಸಲಾಗದ್ದೇ? ಭೂಗೋಳದವನಾಗಿ ನನಗೆ ಇಲ್ಲೇ ಸಿಟ್ಟು ಬರುವುದು. 1804ರ ಜುಲೈನಲ್ಲಿ ಇದೇ ನದಿ 63 ಜನರನ್ನು ಕೊಂದಿತ್ತು. 1910ರ ಜೂನ್‌ನಲ್ಲಿ ಮತ್ತೆ ಐವತ್ತಕ್ಕೂ ಹೆಚ್ಚು ಜನ, ಹೆಚ್ಚಿನವರು ರೈಲು ಹಳಿ ಹಾಕಲು ಬಂದ ಕೂಲಿಗಳು. ಎರಡೂ ಬೇಸಿಗೆಯ ಪ್ರವಾಹ, ಎರಡಕ್ಕೂ ಜೋರು ಮಳೆಯೇ ಕಾರಣ. ಚರ್ಚಿನ ದಾಖಲೆಯಲ್ಲಿ, ಗೋಡೆಯ ಗುರುತಿನಲ್ಲಿ ಎಲ್ಲ ಇತ್ತು. ಆದರೆ ಅಪಾಯದ ನಕ್ಷೆ ಮಾಡಿದವರು ಮಾಪಕದ ಅಂಕಿ ಇರುವ ವರ್ಷಗಳನ್ನು ಮಾತ್ರ ತೆಗೆದುಕೊಂಡರು, ಅಂದರೆ 1940ರ ದಶಕದಿಂದ ಈಚೆಗೆ. ‘ನೂರು ವರ್ಷಕ್ಕೊಮ್ಮೆ ಬರುವ ನೀರು’ ಎಂಬ ಲೆಕ್ಕದಿಂದ ಆ ಎರಡು ಪ್ರವಾಹಗಳೇ ಬಿದ್ದುಹೋದವು. ನಕ್ಷೆಯಲ್ಲಿ ಕ್ಷೇಮ ಅಂತಿದ್ದ ಬೀದಿಗಳಲ್ಲಿ ನೀರು ಎರಡನೇ ಮಹಡಿ ಮುಟ್ಟಿತು.

2018ರ ಆಗಸ್ಟ್ ನೀವು ಕಂಡವರು. ಅಲ್ಲಿ ನೀರು ಏರಿತು, ನಿಮ್ಮಲ್ಲಿ ಗುಡ್ಡವೇ ಇಳಿಯಿತು. ಎರಡೂ ಬೇರೆ. ಹಾಗಾಗಿ ಕೊಡಗಿನ ಹೋಲಿಕೆಯನ್ನು ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಆದರೆ ಅಲ್ಲಿಯ ಯಾರಾದರೂ ಹಿರಿಯರು ಮಾತಿಗೆ ಸಿಕ್ಕಿ, ನೀವು ಎಲ್ಲಿಂದ ಬಂದಿರಿ ಅಂತ ಹೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ.

ವೈನ್‌ಗೆ ಏನಾಯಿತು ಅಂತಲೂ ಹೇಳಬೇಕು. ಗುಡ್ಡದ ಮೇಲಿನ ಬಳ್ಳಿಗಳು ಬಹುಪಾಲು ಉಳಿದವು. ಹೋದದ್ದು ಕೆಳಗಿನದು: ನೆಲಮಾಳಿಗೆ, ಪೀಪಾಯಿ, ಗಾಣ, ಬಾಟಲಿ. ಹೆಸರಾಂತ ವೈನ್ ಮನೆತನವೊಂದರ ಅಕ್ಕ-ತಂಗಿ ಉಪಕರಣ ಉಳಿಸಲು ಹೋಗಿ ನೀರಿನಲ್ಲಿ ಕೊಚ್ಚಿಹೋದರು, ಒಂದು ಮರ ಹಿಡಿದುಕೊಂಡು ಗಂಟೆಗಟ್ಟಲೆ ಕಳೆದು ಬದುಕಿದರು. ಇನ್ನೆರಡು ತಿಂಗಳಿಗೆ ಕೊಯ್ಲು. ಬೇರೆ ಕಣಿವೆಗಳ ಬೆಳೆಗಾರರು ಟ್ರ್ಯಾಕ್ಟರ್, ಪಂಪು ತೆಗೆದುಕೊಂಡು ಬಂದರು. ಹಣ್ಣು ಕಿತ್ತರು, ತಮ್ಮಲ್ಲಿ ಹುದುಗಿಸಿ ಕೊಟ್ಟರು. ಕೆಸರಿನಲ್ಲಿ ಹೂತ ಬಾಟಲಿಗಳನ್ನು ತೊಳೆಯದೆ, ಮೆತ್ತಿದ ಕೆಸರಿನ ಸಮೇತ ‘ಫ್ಲೂಟ್‌ವೈನ್’ ಅಂತ, ಅಂದರೆ ಪ್ರವಾಹದ ವೈನ್ ಅಂತ ಮಾರಿದರು. ಅದರಿಂದ 40 ಲಕ್ಷ ಯೂರೋಗೂ ಹೆಚ್ಚು ಸೇರಿತು. ದೇಶದ ಮೂಲೆಮೂಲೆಯಿಂದ ಸಲಿಕೆ ಹಿಡಿದು ಬಂದ ಜನರನ್ನು ಕಣಿವೆಗೆ ಒಯ್ಯಲು ಬಸ್ಸುಗಳೇ ಓಡಿದವು. ‘ಸೊಲಿಡಾರಿಟೇಟ್’ ಅಂದರೆ ಒಗ್ಗಟ್ಟು ಎಂಬ ಪದದ ನಡುವೆ ನದಿಯ ಹೆಸರು ತೂರಿಸಿ ಬರೆದ ಬೋರ್ಡುಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ.

ಈಗ ನೋಡುವ ಜಾಗಗಳು. ಪಟ್ಟಿ ಮಾಡಿದರೆ ಉದ್ದವಾದೀತು, ನನಗೆ ಮುಖ್ಯ ಅನ್ನಿಸಿದ್ದನ್ನು ಹೇಳುತ್ತೇನೆ.

ಆರ್‌ವೈಲರ್ ಹಳೇ ಪಟ್ಟಣ ಮೊದಲು. ಜಿಲ್ಲಾ ಕೇಂದ್ರವಾದ ಬಾಡ್ ನೊಯೆನಾರ್-ಆರ್‌ವೈಲರ್, 1969ರಲ್ಲಿ ಎರಡು ಊರು ಸೇರಿಸಿ ಮಾಡಿದ್ದು. ಆರ್‌ವೈಲರ್ ಕಡೆ 13ನೇ ಶತಮಾನದ ಕೋಟೆಗೋಡೆ ಇನ್ನೂ ಸುತ್ತ ನಿಂತಿದೆ, ನಾಲ್ಕು ಬಾಗಿಲುಗಳ ಸಮೇತ. ಊರಾಚೆ 1980ರಲ್ಲಿ ರಸ್ತೆ ಅಗೆಯುವಾಗ ರೋಮನ್ನರ ಕಾಲದ ದೊಡ್ಡ ಮನೆಯೊಂದು ಸಿಕ್ಕಿತು. ನೆಲದಡಿ ಬಿಸಿಗಾಳಿ ಹಾಯಿಸುವ ವ್ಯವಸ್ಥೆ, ಬಣ್ಣದ ಗೋಡೆ ಎಲ್ಲ ಇದೆ. ಮೇಲೆ ಸೂರು ಹಾಕಿ ಮ್ಯೂಸಿಯಂ ಮಾಡಿದ್ದಾರೆ.

ಬಾಡ್ ನೊಯೆನಾರ್ ಕಡೆ ನೀರಿನ ಕತೆ, ಒಳ್ಳೇ ನೀರಿನದು. 1852ರಲ್ಲಿ ಗೇಯೋರ್ಗ್ ಕ್ರೊಯ್ಟ್ಸ್‌ಬೆರ್ಗ್ ಎಂಬ ವೈನ್ ವ್ಯಾಪಾರಿಯ ತೋಟದಲ್ಲಿ ಬಳ್ಳಿಗಳು ಏಳಲೇ ಇಲ್ಲ. ನೆಲದಿಂದ ಇಂಗಾಲದ ಅನಿಲ ಬರುತ್ತಿತ್ತು. ಅಗೆದರೆ ಗುಳ್ಳೆ ಏಳುವ ನೀರಿನ ಬುಗ್ಗೆ. ವೈನ್ ಬೆಳೆಗಾರರ ಸಂತನ ಹೆಸರಿಟ್ಟು ಅಪೊಲಿನಾರಿಸ್ ಅಂತ ಬಾಟಲಿಗೆ ತುಂಬಿ ಲೋಕಕ್ಕೆಲ್ಲ ಮಾರಿದ. ದ್ರಾಕ್ಷಿ ಕೈಕೊಟ್ಟದ್ದೇ ಅವನಿಗೆ ಲಾಭವಾಯಿತು.

ನಾನು ಬಿಡಲೇಬೇಡಿ ಅನ್ನುವ ಜಾಗ ಸರ್ಕಾರದ ಬಂಕರ್. ಆರ್‌ವೈಲರ್ ಮತ್ತು ಡೆರ್ನಾವ್ ನಡುವಿನ ದ್ರಾಕ್ಷಿ ಗುಡ್ಡದೊಳಗೆ ಹಳೇ ರೈಲು ಸುರಂಗಗಳಿವೆ. ರೈಲು ಅಲ್ಲಿ ಯಾವತ್ತೂ ಓಡಲಿಲ್ಲ, ಆ ಮಾರ್ಗವೇ ಮುಗಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಬಂದಿಗಳಿಂದ ವಿ-2 ಕ್ಷಿಪಣಿಯ ಸಲಕರಣೆ ಮಾಡಿಸುತ್ತಿದ್ದರು. ಆ ಶಿಬಿರಕ್ಕೆ ಇಟ್ಟ ಗುಪ್ತನಾಮ ‘ರೇಬ್‌ಶ್ಟಾಕ್’, ಅಂದರೆ ದ್ರಾಕ್ಷಿಬಳ್ಳಿ. ಎಂಥ ಹೆಸರು ಎಂಥ ಕೆಲಸಕ್ಕೆ ನೋಡಿ. ಯುದ್ಧದ ನಂತರ ಬಾನ್ ಪಶ್ಚಿಮ ಜರ್ಮನಿಯ ರಾಜಧಾನಿಯಾಯಿತು. ಅಣುಬಾಂಬ್ ಬಿದ್ದರೆ ಸರ್ಕಾರ ಅಡಗಲಿ ಅಂತ 1960ರಿಂದ 1972ರವರೆಗೆ ಅದೇ ಸುರಂಗಗಳನ್ನು ಬೆಳೆಸಿ 17 ಕಿಲೋಮೀಟರ್ ಉದ್ದದ ಬಂಕರ್ ಕಟ್ಟಿದರು. 3,000 ಜನ 30 ದಿನ ಇರುವ ಏರ್ಪಾಡು. ಮೇಲೆ ಬೆಳೆಗಾರರು ಎಂದಿನಂತೆ ದ್ರಾಕ್ಷಿ ಕೊಯ್ಯುತ್ತಿದ್ದರು. ಈಗ 200 ಮೀಟರ್ ಮಾತ್ರ ಉಳಿಸಿ 2008ರಿಂದ ಜನರಿಗೆ ತೋರಿಸುತ್ತಾರೆ. ಒಳಗೆ ತುಂಬ ತಂಪು, ಸ್ವೆಟರ್ ಇರಲಿ.

ನಿಮ್ಮ ಯಜಮಾನರಿಗೆ ಕಾರಿನ ಹುಚ್ಚಿದ್ದರೆ ಜಿಲ್ಲೆಯ ಇನ್ನೊಂದು ಮೂಲೆಗೆ, ಆಡೆನಾವ್ ಕಡೆ ಹೋಗಿ. ಅಲ್ಲಿದೆ ನ್ಯೂರ್‌ಬುರ್ಗ್‌ರಿಂಗ್ ಎಂಬ ಕಾರ್ ರೇಸ್ ಟ್ರ್ಯಾಕ್. ಆಡೆನಾವ್ ಆಗ ಬೇರೆ ಜಿಲ್ಲೆ, ಕಡು ಬಡ ಜಿಲ್ಲೆ. ಜನರಿಗೆ ಕೆಲಸ ಕೊಡಲು ಅಲ್ಲಿಯ ಲಾಂಡ್‌ರಾಟ್ ಓಟ್ಟೋ ಕ್ರೊಯ್ಟ್ಸ್ 1925ರಲ್ಲಿ ರೇಸ್ ಟ್ರ್ಯಾಕ್ ಕಟ್ಟಲು ಶುರು ಮಾಡಿಸಿದರು. 1927ರ ಜೂನ್‌ನಲ್ಲಿ ಮೊದಲ ರೇಸ್. 1932ರಲ್ಲಿ ಆಡೆನಾವ್ ಅನ್ನು ಆರ್‌ವೈಲರ್ ಜೊತೆ ಸೇರಿಸಿದರು. ಉತ್ತರದ ಸುತ್ತು 20.8 ಕಿಲೋಮೀಟರ್, ಕಾಡಿನ ನಡುವೆ ಏರಿಳಿತ, ತಿರುವು. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇದಕ್ಕೆ ‘ಹಸಿರು ನರಕ’ ಅಂತ ಹೆಸರಿಟ್ಟರು. ಇನ್ನೊಬ್ಬ ರೇಸ್ ಚಾಲಕ ನಿಕಿ ಲೌಡಾ ಅಪಘಾತದಲ್ಲಿ ಸುಟ್ಟುಕೊಂಡದ್ದು ಇಲ್ಲೇ, 1976ರ ಆಗಸ್ಟ್ 1ರಂದು. ಪ್ರವಾಹದ ನಂತರ ಈ ಮೈದಾನವೇ ರಕ್ಷಣಾ ಪಡೆಗಳ ಬೀಡಾಯಿತು. ಕಣಿವೆಯಲ್ಲಿ ಒಂದು ಕಹಿ ಮಾತೂ ಇದೆ: 1910ರ ನಂತರ ಮೇಲ್ಭಾಗದಲ್ಲಿ ನೀರು ತಡೆಯುವ ಕಟ್ಟೆಗಳ ಯೋಜನೆ ಇತ್ತು, ಅದು ಕಾಗದದಲ್ಲೇ ಉಳಿಯಿತು, ದುಡ್ಡು ರೇಸ್ ಟ್ರ್ಯಾಕ್‌ಗೆ ಹೋಯಿತು ಅಂತ. ಈಗ ಆ ಕಟ್ಟೆಗಳ ಮಾತು ಮತ್ತೆ ಎದ್ದಿದೆ.

ಶಾಂತಿ ಬೇಕಾದರೆ ಮರಿಯಾ ಲಾಖ್ ಮಠ. 1093ರಲ್ಲಿ ಸ್ಥಾಪನೆಯಾದ ಮಠದ ಪಕ್ಕ ಒಂದು ಸರೋವರ. ಸುಮಾರು 13,000 ವರ್ಷದ ಹಿಂದೆ ಸ್ಫೋಟಿಸಿದ ಜ್ವಾಲಾಮುಖಿಯ ಗುಂಡಿ ಅದು. ಪೂರ್ವದ ದಡದಲ್ಲಿ ನಡೆದರೆ ನೀರಿನಲ್ಲಿ ಗುಳ್ಳೆ ಏಳುವುದು ಕಾಣುತ್ತದೆ. ಇನ್ನು ರೈನ್ ದಂಡೆಯ ರೇಮಾಗೆನ್‌ನಲ್ಲಿ ಸೇತುವೆ ಇಲ್ಲ, ಸೇತುವೆಯ ಕಪ್ಪು ಗೋಪುರಗಳು ಮಾತ್ರ ಇವೆ. 1945ರ ಮಾರ್ಚ್ 7ರಂದು ಅಮೆರಿಕನ್ ಸೈನ್ಯ ರೈನ್ ದಾಟಿದ್ದು ಇಲ್ಲಿ. ಹತ್ತು ದಿನಕ್ಕೆ ಸೇತುವೆ ಕುಸಿಯಿತು.

ನಡೆಯುವ ಶಕ್ತಿ ಇದ್ದರೆ ‘ಕೆಂಪು ವೈನ್ ದಾರಿ’ ಇದೆ. 35 ಕಿಲೋಮೀಟರ್, ದ್ರಾಕ್ಷಿ ತೋಟಗಳ ಎತ್ತರದಲ್ಲೇ ಸಾಗುತ್ತದೆ. ಗುರುತು ಕೆಂಪು ದ್ರಾಕ್ಷಿ ಗೊಂಚಲು. ಪೂರ್ತಿ ಬೇಡ. ಆರ್‌ವೈಲರ್‌ನಿಂದ ಡೆರ್ನಾವ್‌ವರೆಗೆ ಸಾಕು. ಸೆಪ್ಟೆಂಬರ್ ಕೊನೆ ಕೊಯ್ಲಿನ ಸಮಯ, ಊರೂರಲ್ಲಿ ವೈನ್ ಜಾತ್ರೆ. ಇನ್ನೂ ಹುದುಗುತ್ತಿರುವ ‘ಫೇಡರ್‌ವೈಸರ್’ ಜೊತೆ ಈರುಳ್ಳಿ ಹಾಕಿ ಬೇಕ್ ಮಾಡಿದ ಖಾರದ ಕೇಕಿನಂಥ ‘ಟ್ಸ್ವೀಬೆಲ್‌ಕೂಖೆನ್’ ಕೊಡುತ್ತಾರೆ. ಸಿಹಿಯಾಗಿ ಇಳಿಯುತ್ತದೆ, ನಿಮಗೆ ಇಷ್ಟವಾದೀತು. ಆದರೆ ಹೊಟ್ಟೆಯಲ್ಲಿ ಹೋಗಿ ಗದ್ದಲ ಮಾಡುತ್ತದೆ, ಒಂದು ಲೋಟಕ್ಕೆ ನಿಲ್ಲಿಸಿ. ಅದರ ಬಾಟಲಿ ಮುಚ್ಚಳ ಬಿಗಿ ಇರುವುದಿಲ್ಲ, ಅನಿಲ ಹೋಗಬೇಕಲ್ಲ. ಒಮ್ಮೆ ನಾನು ಚೀಲದಲ್ಲಿ ಮಲಗಿಸಿ ತಂದು, ಪುಸ್ತಕಗಳೆಲ್ಲ ವೈನ್‌ನಲ್ಲಿ ನೆಂದವು.

ಬಾನ್‌ನಿಂದ ಆರ್‌ವೈಲರ್ ಸುಮಾರು 30 ಕಿಲೋಮೀಟರ್, ಸ್ಥಳೀಯ ರೈಲಿನಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಕಣಿವೆಯ ಹಳಿ ಪ್ರವಾಹದಲ್ಲಿ ಕಿತ್ತುಹೋಗಿತ್ತು. ಮತ್ತೆ ಕಟ್ಟುವಾಗ ವಿದ್ಯುತ್ ತಂತಿಯನ್ನೂ ಎಳೆಯಲು ಕೈ ಹಾಕಿದರು. ಹೊರಡುವ ದಿನ ವೇಳಾಪಟ್ಟಿ ನೋಡಲು ಮಗಳಿಗೆ ಹೇಳಿ. ದಾರಿಯಲ್ಲಿ ಕ್ರೇನು, ಅರ್ಧ ಸೇತುವೆ, ಖಾಲಿ ನಿವೇಶನ ಕಂಡರೆ ಆಶ್ಚರ್ಯ ಬೇಡ. ಆದರೆ ಮುರಿದ ಮನೆಗಳ ಮುಂದೆ ನಿಂತು ಫೋಟೋ ತೆಗೆಯಬೇಡಿ, ಅಲ್ಲಿಯವರಿಗೆ ಅದು ತುಂಬ ಬೇಸರದ ವಿಷಯ. ಹೋಟೆಲಿನಲ್ಲಿ ಊಟ ಮಾಡಿ, ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಅವರಿಗೆ ಬೇಕಿರುವುದು ಅದು.

ನೆಂಟರಿಗೆ ತರುವ ಪ್ರಶ್ನೆ ಉಳಿಯಿತು. ವೈನ್ ತೂಕ, ಒಡೆಯುವ ಭಯ ಬೇರೆ. ಮಕ್ಕಳಿದ್ದರೆ ಹರಿಬೋ ಮಿಠಾಯಿ ತನ್ನಿ. ಆ ಕರಡಿ ಗೊಂಬೆಯ ಆಕಾರದ ಮಿಠಾಯಿ ಕಂಪನಿ ಹುಟ್ಟಿದ್ದು ಬಾನ್‌ನಲ್ಲಿ, 2018ರಿಂದ ಅದರ ಮುಖ್ಯ ಕಚೇರಿ ಇದೇ ಜಿಲ್ಲೆಯ ಗ್ರಾಫ್‌ಶಾಫ್ಟ್‌ನಲ್ಲಿದೆ. ಒಂದೇ ಎಚ್ಚರಿಕೆ: ಜರ್ಮನಿಯಲ್ಲಿ ಸಿಗುವ ಆ ಕರಡಿಗಳನ್ನು ಗಟ್ಟಿ ಮಾಡಲು ಹಾಕುವ ಜೆಲಟಿನ್ ಹಂದಿಯದು. ಪಂದಿ ಕರಿ ತಿನ್ನುವ ಕೊಡಗಿನ ಮನೆಗೆ ಅದೇನೂ ತೊಂದರೆಯಲ್ಲ ಬಿಡಿ. ಮೈಸೂರು, ಬೆಂಗಳೂರಿನ ಸಸ್ಯಾಹಾರಿ ನೆಂಟರಿಗೆ ಕೊಡುವುದಾದರೆ ಪೊಟ್ಟಣದ ಹಿಂದೆ ‘ವೆಗಿ’ ಅಂತ ಬರೆದದ್ದನ್ನೇ ಆರಿಸಿ.